ಕಾಲಿನ ರಕ್ತನಾಳದಲ್ಲಿ ಬಲೂನು ಸಿಕ್ಕಿಕೊಂಡರೆ: ಒಂದು ಹಿನ್ನೆಲೆ

1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ರೇಡಿಯಾಲಜಿಸ್ಟ್ ಚಾರ್ಲ್ಸ್ ಡಾಟರ್ ಅವರು ಪಾದಕ್ಕೆ ಗ್ಯಾಂಗ್ರೀನ್ ತಗುಲಿದ್ದ 82 ವರ್ಷದ ಮಹಿಳೆಯ ತೊಡೆಯ ಅಪಧಮನಿಯನ್ನು ಕ್ಯಾಥೆಟರ್ ಎಂಬ ಸಪೂರ ಕೊಳವೆಗಳಿಂದಲೇ ಹಿಗ್ಗಿಸಿದರು. ಕಾಲು ಉಳಿಯಿತು. ಹೃದಯದೊಳಗೆ ತುಂಡಾಗಿ ಉಳಿದ ಗೈಡ್‌ವೈರನ್ನು (ಕ್ಯಾಥೆಟರಿಗೆ ದಾರಿ ತೋರುವ ತಂತಿಯನ್ನು) ಎದೆ ಕೊಯ್ಯದೆ ಹೊರತೆಗೆದ ವರದಿ ಪ್ರಕಟವಾದದ್ದೂ ಅದೇ ವರ್ಷ. ಒಳಗೆ ಹೋದದ್ದು ಪೂರ್ತಿ ಹೊರಬಂತೇ ಎಂಬ ಚಿಂತೆ ಈ ಚಿಕಿತ್ಸೆಯಷ್ಟೇ ಹಳೆಯದು.

1974ರಲ್ಲಿ ಜ್ಯೂರಿಕ್‌ನ ವೈದ್ಯ ಆಂಡ್ರಿಯಾಸ್ ಗ್ರುಂಟ್ಸಿಗ್ ಕ್ಯಾಥೆಟರಿನ ತುದಿಯಲ್ಲಿ ಉಬ್ಬಿ ನಾಳವನ್ನು ಹಿಗ್ಗಿಸುವ ಬಲೂನು ತಂದರು. ಅದರ ಬೆನ್ನಿಗೇ ಅದು ಒಡೆಯುವ ತೊಂದರೆಯೂ ಬಂತು. ಸುಣ್ಣಗಟ್ಟಿದ ನಾಳದ ಚೂಪು ಅಂಚು ತಾಗಿಯೋ, ತಯಾರಕರು ನಮೂದಿಸಿದ ಒತ್ತಡದ ಮಿತಿ ಮೀರಿಯೋ ಬಲೂನು ಹರಿಯುತ್ತದೆ. ಉದ್ದಕ್ಕೆ ಸೀಳಿದರೆ ಸಾಮಾನ್ಯವಾಗಿ ಸಲೀಸಾಗಿ ಹೊರಬರುತ್ತದೆ. ಅಡ್ಡಕ್ಕೆ, ಸುತ್ತಲೂ ಹರಿದರೆ ಕಷ್ಟ: ಎಳೆದಾಗ ಮುಂದಿನ ಭಾಗ ಗಾಳಿಗೆ ಮಗುಚಿದ ಕೊಡೆಯಂತೆ ಅರಳಿ, ಚರ್ಮದಿಂದ ನಾಳದೊಳಕ್ಕೆ ದಾರಿಯಾಗಿ ಕೂರಿಸಿದ ಶೀತ್ ಕೊಳವೆಯ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಆಗ ಜಗ್ಗುವುದು ದೊಡ್ಡ ತಪ್ಪು. ಬಲೂನಿನ ಕೊಳವೆ ಕಿತ್ತು ಕೈಗೆ ಬಂದು ತುದಿ ಒಳಗೇ ಉಳಿಯಬಹುದು. ಗೈಡ್‌ವೈರನ್ನು ಅಲ್ಲಾಡಿಸದೆ, ಬಲೂನನ್ನು ಒಂದೇ ದಿಕ್ಕಿಗೆ ಮೆಲ್ಲಗೆ ತಿರುಗಿಸಿ ಮಡಿಕೆ ಸುತ್ತಿಕೊಳ್ಳುವಂತೆ ಮಾಡಬೇಕು. ಅದಕ್ಕೂ ಬಗ್ಗದಿದ್ದರೆ ಬಲೂನು ಕ್ಯಾಥೆಟರಿನ ಹೊರತುದಿಯ ದಪ್ಪ ಹಿಡಿಯನ್ನು (ಹಬ್) ಕತ್ತರಿಸಿ, ಅದರ ಮೇಲಿಂದಲೇ ಇನ್ನೂ ದಪ್ಪದ ಶೀತ್ ತೂರಿಸಿ, ಹರಿದ ಭಾಗವನ್ನು ಅದರೊಳಗೆ ಎಳೆದುಕೊಂಡು ಎರಡನ್ನೂ ಒಟ್ಟಿಗೆ ಹೊರತೆಗೆಯುತ್ತಾರೆ. ತುದಿ ಉಳಿದೇಬಿಟ್ಟರೆ ಸ್ನೇರ್ ಎಂಬ ತಂತಿಯ ಕುಣಿಕೆ ಇದೆ.

ಬಲೂನು ಕುಗ್ಗದೇ ಕೂರುವುದೂ ಉಂಟು. ಬಲೂನು ಉಬ್ಬಿಸಲು ತುಂಬುವ, ಎಕ್ಸ್‌ರೇಯಲ್ಲಿ ಕಾಣುವ ದಪ್ಪನೆಯ ಕಾಂಟ್ರಾಸ್ಟ್ ದ್ರವ ಸಪೂರ ಕೊಳವೆಯಲ್ಲಿ ಬೇಗ ಹಿಂದಕ್ಕೆ ಬರುವುದಿಲ್ಲ. ಅರ್ಧಕ್ಕರ್ಧ ಸಲೈನ್ ಬೆರೆಸುವುದು ಅದಕ್ಕೇ. 20 ಅಥವಾ 50 ಮಿ.ಲೀ. ಸಿರಿಂಜಿನಿಂದ ಎಳೆದು ಹಿಡಿದು ಕಾಯುವುದು ಮೊದಲ ಉಪಾಯ. ಕೊಳವೆ ಮಡಚಿಕೊಂಡಿದ್ದರೆ ಇದು ಫಲಿಸದು. ಬಲೂನು ಚರ್ಮಕ್ಕೆ ಹತ್ತಿರವಿದ್ದರೆ ಅಲ್ಟ್ರಾಸೌಂಡ್ ನೋಡುತ್ತ ಹೊರಗಿನಿಂದ ಸೂಜಿ ಚುಚ್ಚಿ ಒಡೆಯುತ್ತಾರೆ.

1991ರಲ್ಲಿ ಅಮೆರಿಕದಲ್ಲಿ ಕಿಬ್ಬೊಟ್ಟೆಯಿಂದ ಕಾಲಿನತ್ತ ರಕ್ತ ಒಯ್ಯುವ ಇಲಿಯಾಕ್ ಅಪಧಮನಿಗೆ ಪಾಲ್ಮಾಜ್ ಸ್ಟೆಂಟ್ (ನಾಳವನ್ನು ತೆರೆದಿಡುವ ಲೋಹದ ಜಾಲರಿ ಕೊಳವೆ) ಬಳಸಲು ಅನುಮತಿ ಸಿಕ್ಕಿತು. ಬಲೂನಿನ ಮೇಲೆ ಅಮುಕಿ ಕೂರಿಸಿದ ಸ್ಟೆಂಟ್ ದಾರಿಯಲ್ಲೇ ಜಾರಬಹುದು. ಗೈಡ್‌ವೈರ್ ಇನ್ನೂ ಅದರ ಮೂಲಕವೇ ಹಾದಿದ್ದರೆ ಸಣ್ಣ ಬಲೂನು ತೂರಿಸಿ, ಸೂಕ್ತ ಜಾಗಕ್ಕೆ ಸರಿಸಿ ಅಲ್ಲೇ ಅರಳಿಸಬಹುದು. ಗೈಡ್‌ವೈರ್ ಹೊರಗೆಳೆದಿದ್ದರೆ ಈ ದಾರಿ ಬಹುಪಾಲು ಮುಚ್ಚಿದಂತೆ.

ಎಲ್ಲ ಮುಗಿದ ಮೇಲೆ ಪಾದದವರೆಗೂ ಆಂಜಿಯೋಗ್ರಾಂ ಮಾಡಿ, ಬಲೂನಿನ ಚೂರೇನಾದರೂ ಕೆಳಗೆ ಹೋಗಿ ಸಿಕ್ಕಿದೆಯೇ ನೋಡುತ್ತಾರೆ. ಹರಿದ ಬಲೂನನ್ನು ಟ್ರೇಯಲ್ಲಿ ಬಿಡಿಸಿಟ್ಟು ಎಕ್ಸ್‌ರೇಗೆ ಕಾಣುವ ಲೋಹದ ಉಂಗುರಗಳನ್ನು ಎಣಿಸುತ್ತಾರೆ. ಎರಡಿರಬೇಕಾದಲ್ಲಿ ಒಂದೇ ಇದ್ದರೆ ಸ್ನೇರ್ ಮತ್ತೆ ಒಳಗೆ ಹೋಗುತ್ತದೆ.