ಸಾರ್ವೆ, ಹೆಲ್ಮೆಟ್, ಬೆಲ್ಟ್: ಸಣ್ಣ ಮನೆ ಕೆಲಸದ ಸುರಕ್ಷತೆ ಟಿಪ್ಪಣಿ

ಪರೀಕ್ಷೆಯಲ್ಲಿ ಸುರಕ್ಷತೆ ಬಗ್ಗೆ ಪ್ರಶ್ನೆ ಬಂದರೆ ನಾವೆಲ್ಲ ಮೊದಲು ಬರೆಯುವುದು ಹೆಲ್ಮೆಟ್, ಗ್ಲೌಸ್, ಬೂಟು. ಪಾಠದಲ್ಲಿ ಅವು ಬರುವುದು ಕಡೆಗೆ. ಮೊದಲು ಅಪಾಯವೇ ಇಲ್ಲದಂತೆ ಮಾಡಬೇಕು, ಆಗಲಿಲ್ಲ ಅಂದರೆ ಕಮ್ಮಿ ಅಪಾಯದ ದಾರಿ ಹಿಡಿಯಬೇಕು, ಆಮೇಲೆ ಕಟಕಟೆಯಂಥ ತಡೆ, ಆಮೇಲೆ ತರಬೇತಿ. ಇಷ್ಟಾದ ಮೇಲೂ ಉಳಿಯುವ ಅಪಾಯಕ್ಕೆ ಪಿಪಿಇ, ಅಂದರೆ ಹೆಲ್ಮೆಟ್, ಗ್ಲೌಸಿನಂಥ ಮೈಮೇಲಿನ ರಕ್ಷಣೆ.

ಈ ಕ್ರಮ ನನ್ನ ತಲೆಗೆ ಹೋಗಿದ್ದು ಮಂಡ್ಯದ ಗುತ್ತಲು ಕಡೆ ಒಂದು 30x40 ಅಡಿ ಸೈಟಿನಲ್ಲಿ. ಮೇಲಿನ ಮಹಡಿಗೆ ಹೊರಗಡೆಯಿಂದ ಪ್ಲಾಸ್ಟರಿಂಗ್ ನಡೆಯುತ್ತಿತ್ತು. ನಿಂತು ಕೆಲಸ ಮಾಡಲು ಕಟ್ಟಿದ ಸಾರ್ವೆ ಮೇಲೆ ಒಂದೇ ಹಲಗೆ, ಅದರ ತುದಿಯನ್ನೂ ಕಟ್ಟಿರಲಿಲ್ಲ. ಹೆಲ್ಮೆಟ್ ಇತ್ತು, ಇಲ್ಲ ಅನ್ನುವ ಹಾಗಿಲ್ಲ. ಆದರೆ ಒಳಗಿನ ಪಟ್ಟಿ ಕಿತ್ತು ಅದರ ತುಂಬ ಮೊಳೆ ಹಾಕಿಟ್ಟಿದ್ದರು. ಮೇಸ್ತ್ರಿಯನ್ನು ಕೇಳಿದರೆ, "ತಲೆ ಕಾಯ್ತದೆ ಕಣಪ್ಪ, ಅದಿಕ್ಕೊಂಡು ಕೆಲ್ಸ ಆಯ್ತದಾ?" ಅಂದರು. ಏಪ್ರಿಲ್ ಬಿಸಿಲು, ಅವರದೂ ತಪ್ಪು ಅನ್ನಲಾರೆ.

ಆ ಪಟ್ಟಿಯೇ ಮುಖ್ಯ, ನೆನಪಿಡಿ. ಇಟ್ಟಿಗೆ ಬಿದ್ದಾಗ ಚಿಪ್ಪಿನ ಏಟು ನೇರ ಬುರುಡೆಗೆ ಹೋಗದಂತೆ ನಡುವೆ ಜಾಗ ಬಿಟ್ಟು ಹಂಚುವುದು ಅದು. ಪಟ್ಟಿ ಇಲ್ಲದ ಹೆಲ್ಮೆಟ್ ಬರೀ ಬಾಂಡ್ಲಿ. ಕೊಳ್ಳುವಾಗ ಐಎಸ್ 2925 ಗುರುತು ನೋಡಿ. ಒಮ್ಮೆ ಜೋರು ಏಟು ತಿಂದದ್ದನ್ನು ಬಿಸಾಡಿ, ಸೀಳು ಕಾಣದಿದ್ದರೂ.

ಇನ್ನು ಬೆಲ್ಟ್, ಅಂದರೆ ಬಿದ್ದರೆ ಹಿಡಿಯಲು ಮೈಗೆ ಕಟ್ಟಿಕೊಳ್ಳುವ ಹಾರ್ನೆಸ್. ನಾನು ಎಡವಿದ್ದು ಇಲ್ಲೇ. ಲೆಕ್ಕ ಮಾಡೋಣ. ಹಗ್ಗ 1.8 ಮೀಟರ್, ಬಿದ್ದಾಗ ಬಿಚ್ಚಿಕೊಳ್ಳುವ ಶಾಕ್ ಅಬ್ಸಾರ್ಬರ್ ಹೆಚ್ಚೆಂದರೆ 1.75, ಬೆನ್ನಿನ ಕೊಂಡಿಯಿಂದ ಪಾದದವರೆಗೆ ಸುಮಾರು 1.5, ಜೊತೆಗೆ 1 ಮೀಟರ್ ಮಾರ್ಜಿನ್. ಕೂಡಿದರೆ 6 ಮೀಟರ್ ದಾಟುತ್ತದೆ, ಅಂದರೆ ಕೊಕ್ಕೆ ಹಾಕಿದ ಜಾಗದಿಂದ ಕೆಳಗೆ ಅಷ್ಟು ಖಾಲಿ ಇರಬೇಕು. ನಮ್ಮ ಮೊದಲನೇ ಮಹಡಿ ನೆಲ ರಸ್ತೆಯಿಂದ ಹೆಚ್ಚೆಂದರೆ ಮೂರೂವರೆ ಮೀಟರ್ ಎತ್ತರ. ಕೊಕ್ಕೆಯನ್ನು ಕಾಲ ಬಳಿ ಕಂಬಿಗೆ ಹಾಕಿಕೊಂಡವನು ಹಗ್ಗ ಪೂರ್ತಿ ತಡೆದು ನಿಲ್ಲಿಸುವ ಮೊದಲೇ ನೆಲ ಮುಟ್ಟಿರುತ್ತಾನೆ! ತಲೆಗಿಂತ ಮೇಲೆ ಗಟ್ಟಿ ಜಾಗ, ಗಿಡ್ಡ ಹಗ್ಗ ಇದ್ದರೆ ಮಾತ್ರ ಪ್ರಯೋಜನ. ಅದಕ್ಕೇ ಸಣ್ಣ ಮನೆಯಲ್ಲಿ ಬೆಲ್ಟಿಗಿಂತ ಮೊದಲು ಅಗಲವಾದ, ಬಿಗಿಯಾಗಿ ಕಟ್ಟಿದ ಹಲಗೆ ಮತ್ತು ಸೊಂಟದೆತ್ತರಕ್ಕೆ ಅಡ್ಡಕಂಬಿ ಕೇಳಬೇಕು.

ಕಾನೂನಿಗೆ ಬರೋಣ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹತ್ತು ಅಥವಾ ಹೆಚ್ಚು ಜನ ಇರುವ ಕೆಲಸಕ್ಕೆ ಅನ್ವಯವಾಗುತ್ತಿತ್ತು ಎಂದು ಬಾಯಿಪಾಠ ಮಾಡುತ್ತೇವೆ, ಆದರೆ ಹಿಂದಿನ 12 ತಿಂಗಳಲ್ಲಿ ಯಾವುದೇ ಒಂದು ದಿನ ಹತ್ತು ಜನ ಇದ್ದರೂ ಸಾಕಿತ್ತು ಎಂಬುದನ್ನು ಬಿಟ್ಟುಬಿಡುತ್ತೇವೆ. ದಿನಾ ಐದೇ ಜನ ಇರುವ ಸೈಟಿಗೂ ಮೌಲ್ಡ್ (ಚಾವಣಿ ಕಾಂಕ್ರೀಟ್) ಹಾಕುವ ದಿನ ಎಷ್ಟು ಜನ ಬರುತ್ತಾರೆ, ಎಣಿಸಿದ್ದೀರಾ? ಅದರ ಜೊತೆ ವಿನಾಯಿತಿಯೂ ಇತ್ತು: ಸ್ವಂತ ವಾಸದ ಮನೆ, ಖರ್ಚು 10 ಲಕ್ಷದೊಳಗೆ. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಕಾರ್ಮಿಕ ಸುರಕ್ಷತಾ ಸಂಹಿತೆ ಇದನ್ನು 50 ಲಕ್ಷಕ್ಕೆ ಏರಿಸಿತು. ಹಾಗಾಗಿ ಈಗ ಎಷ್ಟೋ ಮನೆ ಕೆಲಸ ಅದರ ಹೊರಗೇ ಉಳಿಯುತ್ತದೆ, ಇದು ನನಗೆ ಸರಿ ಅನಿಸುವುದಿಲ್ಲ.

ಕರೆಂಟು ಸುಲಭ: ಪಿನ್ ಇಲ್ಲದ ವೈರನ್ನು ಬೆಂಕಿಕಡ್ಡಿ ಚುಚ್ಚಿ ಟೈಲ್ಸ್ ಕಟ್ಟರ್ ಓಡಿಸಬೇಡಿ, ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇರಲಿ. ಗ್ರಾನೈಟ್ ಕೊಯ್ಯುವಾಗ ಮಾಸ್ಕಿಗಿಂತ ಮೊದಲು ನೀರು ಬಿಡಿ, ದೂಳು ತುಂಬ ಕಮ್ಮಿ ಏಳುತ್ತದೆ.

ಸಂಪಿನ ಗುಂಡಿಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಒಂದೂವರೆ ಮೀಟರಿಗಿಂತ ಆಳ ತೋಡಿದರೆ ಪಕ್ಕಕ್ಕೆ ಹಲಗೆ ಆನಿಸಬೇಕು, ಇಲ್ಲವೇ ಇಳಿಜಾರು ಕೊಡಬೇಕು. ತೆಗೆದ ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕಬಾರದು. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಕುಸಿದು ಎದೆಮಟ್ಟ ಬಂದರೆ ಉಸಿರಾಡಲು ಆಗುವುದಿಲ್ಲ, ತಲೆ ಮೇಲೆ ಹೆಲ್ಮೆಟ್ ಇದ್ದರೂ ಅಷ್ಟೆ.