ದಾವೋಸ್‌ನ ಹಳೇ ಸ್ಯಾನಿಟೋರಿಯಂ: ಹೋಟೆಲ್ ಆಯಿತು, ಖರ್ಚು ಯಾರದು?

ಸ್ವಿಟ್ಜರ್ಲೆಂಡಿನ ದಾವೋಸ್ ಪಟ್ಟಣದ ನೆತ್ತಿಯ ಮೇಲೆ, ಸುಮಾರು 300 ಮೀಟರ್ ಎತ್ತರದಲ್ಲಿ, ಷಾಟ್ಸಾಲ್ಪ್ ಎಂಬ ಹಳೆಯ ಹೋಟೆಲ್ ಇದೆ. ಕೇಬಲ್ ಎಳೆಯುವ ಪುಟ್ಟ ರೈಲು ಕೆಲವೇ ನಿಮಿಷದಲ್ಲಿ ಮೇಲೆ ತಲುಪಿಸುತ್ತದೆ. ಹೋದವರು ಉದ್ದನೆಯ ಬಾಲ್ಕನಿಗಳಲ್ಲಿ ಕಾಲು ಚಾಚಿ ಬಿಸಿಲು ಕಾಯುತ್ತಾರೆ. ಇದು ಕ್ಷಯ ರೋಗಿಗಳಿಗೆಂದು ಕಟ್ಟಿದ ಮನೆ, ಅಂದರೆ ಸ್ಯಾನಿಟೋರಿಯಂ, ಅನ್ನುವುದು ಬಹುಪಾಲು ಜನರಿಗೆ ಗೊತ್ತು. ಅದರ ಪಕ್ಕ 105 ಮೀಟರ್ ಎತ್ತರದ ಗೋಪುರ ಎಬ್ಬಿಸುವ ಯೋಜನೆ ಎಲ್ಲಿಂದ ಬಂತು, ಯಾಕೆ ನಿಂತಿದೆ ಅನ್ನುವುದು ಮಾತ್ರ ಪೂರ್ತಿ ಗೋಜಲು.

1853ರಲ್ಲಿ ಅಲೆಕ್ಸಾಂಡರ್ ಷ್ಪೆಂಗ್ಲರ್ ಎಂಬ ಜರ್ಮನ್ ಡಾಕ್ಟರ್ ಇಲ್ಲಿಗೆ ಬಂದರು. ರಾಜಕೀಯ ಕಾರಣಕ್ಕೆ ದೇಶ ಬಿಟ್ಟವರು. ಈ ಕಣಿವೆಯ ಜನರಿಗೆ ಕ್ಷಯ ಅಪರೂಪ ಎಂದು ಅವರಿಗೆ ಅನ್ನಿಸಿತು. 1865ರ ಫೆಬ್ರವರಿಯಲ್ಲಿ ಇಬ್ಬರು ಜರ್ಮನ್ ರೋಗಿಗಳು ಬಂದಿಳಿದರು. ಶ್ವಾಸಕೋಶ ಕೆಟ್ಟವರು ಚಳಿಗಾಲದಲ್ಲಿ ಬೆಟ್ಟ ಹತ್ತುವುದು ಆಗಿನ ಕಾಲಕ್ಕೆ ಹುಚ್ಚು ಸಾಹಸವೇ. ಎರಡು ವರ್ಷದ ನಂತರ ವಿಲೆಮ್ ಯಾನ್ ಹೋಲ್ಸ್‌ಬೋರ್ ಎಂಬ ಡಚ್ ವ್ಯಕ್ತಿ ಕಾಯಿಲೆಯ ಹೆಂಡತಿಯನ್ನು ಕರೆದುಕೊಂಡು ಬಂದ. ಹೆಂಡತಿ ಉಳಿಯಲಿಲ್ಲ, ಆತ ಉಳಿದ. 1890ರಲ್ಲಿ ದಾವೋಸ್‌ಗೆ ರೈಲು ಬಂದದ್ದರ ಹಿಂದೆ ಇದ್ದವನು ಆತನೇ. ಷಾಟ್ಸಾಲ್ಪ್ ಕೂಡ ಆತನದೇ ಕನಸು. 1900ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದಾಗ ಆತ ತೀರಿಕೊಂಡು ಎರಡು ವರ್ಷವಾಗಿತ್ತು.

ಈ ಕಟ್ಟಡವನ್ನು ಸ್ವಲ್ಪ ನಿಂತು ನೋಡಬೇಕು. ವಿನ್ಯಾಸ ಪ್ಲೆಗ್‌ಹಾರ್ಡ್ ಮತ್ತು ಹೆಫೆಲಿ ಎಂಬ ಜ್ಯೂರಿಕ್‌ನ ವಾಸ್ತುಶಿಲ್ಪಿಗಳದ್ದು. ಎಂಜಿನಿಯರ್ ರೋಬರ್ಟ್ ಮಯ್ಯಾರ್, ಮುಂದೆ ಕಾಂಕ್ರೀಟ್ ಸೇತುವೆಗಳಿಂದ ಹೆಸರಾದವರು. ರಾಬರ್ಟ್ ಕೋಕ್ 1882ರಲ್ಲೇ ಕ್ಷಯದ ರೋಗಾಣುವನ್ನು ಕಂಡುಹಿಡಿದಿದ್ದರು. ಆದರೆ ಅದನ್ನು ಕೊಲ್ಲುವ ಔಷಧಿ ಇರಲಿಲ್ಲ. ಹಾಗಾಗಿ ಕಟ್ಟಡವೇ ಔಷಧಿಯಾಯಿತು. ರೋಗಿಗಳಿಗೆ ದಕ್ಷಿಣದ ಬಿಸಿಲು, ಕೋಣೆಯ ಮುಂದೆ ಬಾಲ್ಕನಿ, ಅದರಲ್ಲೊಂದು ಒರಗು ಕುರ್ಚಿ. ಕಂಬಳಿ ಹೊದ್ದು ದಿನಕ್ಕೆ ಹಲವು ಗಂಟೆ ಅಲ್ಲೇ ಮಲಗಬೇಕು, ಹಿಮ ಬೀಳುತ್ತಿದ್ದರೂ ಅಷ್ಟೇ. ಜ್ವರ ನೋಡುವುದು, ಹೊಟ್ಟೆ ತುಂಬ ತಿನ್ನುವುದು, ಕಫವನ್ನು ಜೇಬಿನ ಪುಟ್ಟ ಬಾಟಲಿಗೆ ಉಗುಳುವುದು. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ದುಡ್ಡಿದ್ದವರಿಗೆ ಮಾತ್ರ ಸಾಧ್ಯವಿದ್ದ ಚಿಕಿತ್ಸೆ ಇದು. ಇಷ್ಟು ಮಾಡಿಯೂ ಎಷ್ಟೋ ಜನ ಬದುಕಲಿಲ್ಲ. ಇವತ್ತಿನ ಬ್ರೋಷರ್‌ಗಳು ಈ ಕಾಲವನ್ನು ಬಣ್ಣಿಸುವಾಗ ಕೊನೆಯ ವಾಕ್ಯ ಬಿಟ್ಟುಬಿಡುತ್ತವೆ.

ಎರಡು ಮಹಾಯುದ್ಧ ದಾಟಿದ ಈ ವ್ಯವಸ್ಥೆ ಹೊಸ ಔಷಧಿಗಳ ಮುಂದೆ ನಿಲ್ಲಲಿಲ್ಲ. 1943ರಲ್ಲಿ ಸ್ಟ್ರೆಪ್ಟೋಮೈಸಿನ್, 1952ರಲ್ಲಿ ಐಸೋನಿಯಜಿಡ್ ಬಂದವು. ಗುಳಿಗೆ ನುಂಗಿ ಮನೆಯಲ್ಲೇ ಗುಣವಾಗುವುದಾದರೆ ಬೆಟ್ಟ ಯಾಕೆ ಹತ್ತಬೇಕು, ಅಲ್ವಾ? ಷಾಟ್ಸಾಲ್ಪ್ 1950ರ ದಶಕದ ಮಧ್ಯದ ಹೊತ್ತಿಗೆ ಹೋಟೆಲ್ ಆಯಿತು. 1924ರ ಒಂದು ಪ್ರಸಿದ್ಧ ಜರ್ಮನ್ ಕಾದಂಬರಿಯಿಂದಾಗಿ ಅದರ ಹೆಸರು ಮೊದಲೇ ಓದುಗರ ಬಾಯಲ್ಲಿತ್ತು. ಅದು ವ್ಯಾಪಾರಕ್ಕೂ ಒದಗಿತು.

ತಾಪತ್ರಯ ಶುರುವಾದದ್ದು ಇಲ್ಲಿ. ರೋಗಿ ತಿಂಗಳುಗಟ್ಟಲೆ ಇರುತ್ತಿದ್ದ, ಪ್ರವಾಸಿ ಮೂರು ರಾತ್ರಿ ಕಳೆದು ಹೊರಡುತ್ತಾನೆ. ಮರ, ಗಾಜು, ಬಾಲ್ಕನಿಗಳ ರಿಪೇರಿಗೆ ಮಾತ್ರ ರಜೆ ಇಲ್ಲ. ಹಳೆಯದನ್ನು ಹಾಗೇ ಇಡಬೇಕು ಎಂದು ಎಲ್ಲರೂ ಬಯಸುತ್ತಾರೆ, ಅದರ ಬಿಲ್ ಬಂದಾಗ ಯಾರೂ ಇರುವುದಿಲ್ಲ.

2000ದ ನಂತರ ಬಂದ ಉತ್ತರವೇ ಆ ಗೋಪುರ. ವಿನ್ಯಾಸ ಹೆಸರಾಂತ ವಾಸ್ತುಶಿಲ್ಪಿಗಳಾದ ಹೆರ್ಟ್ಸೋಗ್ ಮತ್ತು ದ ಮ್ಯೂರೋನ್ ಅವರದ್ದು. ಗೋಪುರದ ಮನೆಗಳನ್ನು ಮಾರಿದ ಹಣ ಹಳೇ ಕಟ್ಟಡಕ್ಕೂ ಒದಗಬೇಕು ಎಂಬುದು ಲೆಕ್ಕ. 2004ರಲ್ಲಿ ದಾವೋಸ್‌ನ ಮತದಾರರು ಒಪ್ಪಿಗೆ ಕೊಟ್ಟರು. ಲೆಕ್ಕದಲ್ಲಿ ತರ್ಕ ಇಲ್ಲದೇ ಇಲ್ಲ. ಆದರೆ ಇಲ್ಲಿ ಮಾರಾಟಕ್ಕಿರುವುದೇ ಆಕಾಶ, ಬಿಸಿಲು, ಸದ್ದಿಲ್ಲದ ಇಳಿಜಾರು. ಅದನ್ನು ಉಳಿಸಲು ಅದರ ನಡುವೆಯೇ 105 ಮೀಟರ್ ಕಟ್ಟುವುದು ವಿಚಿತ್ರ ಚೌಕಾಸಿ.

ಅಷ್ಟರಲ್ಲಿ ದೇಶದ ಮನಸ್ಸೂ ಬದಲಾಯಿತು. ವರ್ಷವಿಡೀ ಬೀಗ ಹಾಕಿರುವ ರಜಾ ಮನೆಗಳ ಬಗ್ಗೆ ಬೆಟ್ಟದೂರುಗಳಲ್ಲಿ ಬೇಸರ ಹೆಚ್ಚಿತ್ತು. 2012ರ ಮಾರ್ಚ್‌ನಲ್ಲಿ ನಡೆದ ಜನಮತದಲ್ಲಿ, ಯಾವ ಊರಿನಲ್ಲೂ ಇಂಥ ಎರಡನೇ ಮನೆಗಳು ಒಟ್ಟು ಮನೆಗಳ ಶೇ. 20 ಮೀರಬಾರದು ಎಂಬ ಪ್ರಸ್ತಾವ ಗೆದ್ದಿತು. ಶೇ. 50.6, ಕೂದಲೆಳೆ ಅಂತರ. ಮನೆ ಮಾರಿ ಹೋಟೆಲ್ ಸಾಕುವ ಯೋಜನೆಗಳನ್ನು ಅಲ್ಲಿಂದ ಮುಂದೆ ಜನ ಬೇರೆಯೇ ಕಣ್ಣಿನಿಂದ ನೋಡತೊಡಗಿದರು. ವರ್ಷಗಳು ಉರುಳಿದರೂ ಗೋಪುರ ಮೇಲೇಳಲಿಲ್ಲ.

ಈ ನಡುವೆ ಇನ್ನೊಂದು ಸಣ್ಣ ಪ್ರಯೋಗ ನಡೆಯಿತು. ಮುಚ್ಚಿಹೋಗಿದ್ದ ಪಕ್ಕದ ಸ್ಕೀ ಇಳಿಜಾರು 2009ರಲ್ಲಿ ಮತ್ತೆ ತೆರೆಯಿತು. ಅಲ್ಲಿ ಕೃತಕ ಹಿಮ ಚಿಮ್ಮಿಸುವ ಯಂತ್ರಗಳಿಲ್ಲ. ಅವಸರ ಬೇಡ, ನಿಧಾನವಾಗಿ ಜಾರಿ ಅನ್ನುವುದೇ ಅದರ ಜಾಹೀರಾತು. ಬೇಸಿಗೆಯಲ್ಲಿ ಬೆಟ್ಟದ ಗಿಡಗಳ ತೋಟ ನೋಡಲು ಜನ ಬರುತ್ತಾರೆ. ಇದರಿಂದ ಬರುವ ಹಣ ಗೋಪುರದ್ದಕ್ಕೆ ಸಮವಲ್ಲ. ಆದರೆ ಇದಕ್ಕಾಗಿ ಬೆಟ್ಟದಲ್ಲಿ ಹೊಸದಾಗಿ ಏನನ್ನೂ ಎಬ್ಬಿಸಬೇಕಾಗಿಲ್ಲ.