ಫ್ಲೋ ಮೀಟರ್‌ಗೆ ಬೇಕಾದ ನೇರ ಪೈಪು

ಪೈಪಿನಲ್ಲಿ ಎಷ್ಟು ದ್ರವ ಹರಿಯಿತೆಂದು ಅಳೆಯುವ ಫ್ಲೋ ಮೀಟರ್‌ಗಳ ಬಗ್ಗೆ ಕಾರ್ಖಾನೆಗಳಿಂದ ನನಗೆ ಬರುವ ದೂರುಗಳಲ್ಲಿ ಬಹುಪಾಲು ಒಂದೇ ರೀತಿಯವು: ‘ಮೀಟರ್ ತಪ್ಪು ತೋರಿಸುತ್ತಿದೆ, ಬೇರೆ ಯಾವುದನ್ನು ಹಾಕಿಸೋಣ ಹೇಳಿ.’ ಹೋಗಿ ನೋಡಿದರೆ ಆ ಮೀಟರ್ ಅರ್ಧ ತೆರೆದ ವಾಲ್ವಿಗೋ ಎಲ್ಬೋಗೋ (ಪೈಪಿನ ತಿರುವಿಗೋ) ಅಂಟಿಕೊಂಡೇ ಕುಳಿತಿರುತ್ತದೆ. ಅಲ್ಲಿ ಎಷ್ಟೇ ದುಬಾರಿ ಮೀಟರ್ ಕೂರಿಸಿದರೂ ಪ್ರಯೋಜನ ಕಡಿಮೆ ಎಂದರೆ, ಮೀಟರ್ ಸರಿಯಾಗಿ ಅಳೆಯುತ್ತದೆಂದು ಪರೀಕ್ಷಿಸಿ ಕೊಟ್ಟ ಕ್ಯಾಲಿಬ್ರೇಷನ್ ಪ್ರಮಾಣಪತ್ರವನ್ನು ನನ್ನ ಮುಂದಿಡುತ್ತಾರೆ.

ಪ್ರಮಾಣಪತ್ರದಲ್ಲಿರುವುದು ಸುಳ್ಳಲ್ಲ. ಆದರೆ ಅದು ಪ್ರಯೋಗಾಲಯದಲ್ಲಿ, ಉದ್ದನೆಯ ನೇರ ಪೈಪಿನಲ್ಲಿ ಮೀಟರನ್ನಿಟ್ಟು ಪಡೆದ ಫಲಿತಾಂಶ. ನೇರ ಪೈಪಿನಲ್ಲಿ ಸಾಕಷ್ಟು ದೂರ ಸಾಗಿದ ದ್ರವದ ವೇಗ ಗೋಡೆಯ ಬಳಿ ಕಡಿಮೆ, ನಡುವೆ ಹೆಚ್ಚು. ಸುತ್ತಲೂ ಸಮನಾಗಿ ಹಂಚಿಕೊಂಡಿರುತ್ತದೆ. ಎಲ್ಬೋ ದಾಟಿದ ಕೂಡಲೇ ಆ ಸಮತೆ ಕೆಡುತ್ತದೆ. ಬೇರೆ ಬೇರೆ ಸಮತಲಗಳಲ್ಲಿರುವ ಎರಡು ಎಲ್ಬೋಗಳು ಒಂದರ ಹಿಂದೊಂದು ಬಂದರಂತೂ ದ್ರವ ಸುತ್ತುತ್ತಲೇ ಮುಂದೆ ಸಾಗುತ್ತದೆ. ಆ ಸುತ್ತು ಬೇಗ ಅಡಗುವುದಿಲ್ಲ. ಪೈಪಿಗೆ ಅಡ್ಡವಾಗಿ ಕೂರಿಸುವ, ರಂಧ್ರವಿರುವ ತಟ್ಟೆಯಾದ ಆರಿಫೈಸ್ ಪ್ಲೇಟು ಒತ್ತಡದ ವ್ಯತ್ಯಾಸವನ್ನು ಮಾತ್ರ ಕೊಡುತ್ತದೆ, ವಿದ್ಯುತ್ಕಾಂತೀಯ ಮೀಟರ್ ಕಾಂತಕ್ಷೇತ್ರದಲ್ಲಿ ದ್ರವ ಹರಿಯುವಾಗ ಹುಟ್ಟುವ ವೋಲ್ಟೇಜನ್ನು ಮಾತ್ರ ಅಳೆಯುತ್ತದೆ. ಹರಿವು ಪ್ರಯೋಗಾಲಯದಲ್ಲಿದ್ದಂತೆಯೇ ಇದೆಯೆಂದು ಭಾವಿಸಿಯೇ ಅದರಿಂದ ಲೀಟರುಗಳ ಲೆಕ್ಕ ಮಾಡಲಾಗುತ್ತದೆ. ಆ ಭಾವನೆ ತಪ್ಪಾದಾಗಲೂ ಪರದೆಯ ಮೇಲಿನ ಅಂಕಿ ಅಲುಗಾಡದೆ ನಿಲ್ಲಬಹುದಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಒಂದು ಕಾರ್ಖಾನೆಯಲ್ಲಿ ಮೀಟರಿನ ಲೆಕ್ಕಕ್ಕೂ ಟ್ಯಾಂಕಿನ ಮಟ್ಟಕ್ಕೂ ತಾಳೆಯಾಗದೆ ಮೀಟರನ್ನು ಕ್ಯಾಲಿಬ್ರೇಷನ್‌ಗೆ ಕಳುಹಿಸಿದ್ದರು. ಅದು ಸರಿಯಿದೆಯೆಂಬ ವರದಿಯೊಂದಿಗೆ ಮರಳಿ, ಅದೇ ಜಾಗದಲ್ಲಿ ಕುಳಿತು, ಅದೇ ತಪ್ಪನ್ನು ತೋರಿಸತೊಡಗಿತು. ವಾಲ್ವನ್ನು ಹೆಚ್ಚು ಮುಚ್ಚಿದಷ್ಟೂ ವ್ಯತ್ಯಾಸ ಹೆಚ್ಚುತ್ತದೆಂಬುದನ್ನು ಅಲ್ಲಿನ ಕಿರಿಯ ತಂತ್ರಜ್ಞೆಯೊಬ್ಬಳು ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಅಂಥವರನ್ನು ಕಂಡರೆ ನನಗೆ ಬಹಳ ಸಂತೋಷ. ವಾಲ್ವನ್ನು ಮೀಟರಿನ ಮುಂದಕ್ಕೆ, ಅಂದರೆ ದ್ರವ ಹೊರಹೋಗುವ ಕಡೆಗೆ ವರ್ಗಾಯಿಸಿದ ಮೇಲೆ ಲೆಕ್ಕ ತಾಳೆಯಾಯಿತು.

ಎಷ್ಟು ನೇರ ಪೈಪು ಬೇಕೆಂಬುದಕ್ಕೆ ಒಂದೇ ಉತ್ತರವಿಲ್ಲ. ವಿದ್ಯುತ್ಕಾಂತೀಯ ಮೀಟರಿಗೆ ಒಳಬರುವ ಕಡೆ ಪೈಪಿನ ವ್ಯಾಸದ 5 ಪಟ್ಟನ್ನು, ಅಂದರೆ 150 ಮಿ.ಮೀ. ಪೈಪಿಗೆ 750 ಮಿ.ಮೀ. ಉದ್ದವನ್ನು, ತಯಾರಕರು ಸಾಮಾನ್ಯವಾಗಿ ಕೇಳುತ್ತಾರೆ. ಹಿಂದೆ ವಾಲ್ವ್ ಇದ್ದರೆ ಇನ್ನೂ ಹೆಚ್ಚು ಬೇಕಾಗಬಹುದು. ಆರಿಫೈಸ್ ಪ್ಲೇಟಿನ ಬೇಡಿಕೆ ಬಹಳ ದೊಡ್ಡದು. ಪೈಪಿನ ವ್ಯಾಸಕ್ಕೆ ಅದರ ರಂಧ್ರದ ವ್ಯಾಸದ ಅನುಪಾತಕ್ಕೂ ಹಿಂದಿರುವ ಫಿಟ್ಟಿಂಗಿಗೂ (ಎಲ್ಬೋ, ವಾಲ್ವ್ ಇತ್ಯಾದಿ) ತಕ್ಕ ಉದ್ದವನ್ನು ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 5167ರ ಕೋಷ್ಟಕದಲ್ಲೇ ನೋಡಬೇಕು, ಅಂದಾಜು ಸಲ್ಲದು.

ಪೈಪು ತುಂಬಿ ಹರಿಯಬೇಕೆಂಬುದೂ ಇದೇ ಮಾತಿನ ಇನ್ನೊಂದು ಮುಖ. 1832ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನ ವಾಟರ್‌ಲೂ ಸೇತುವೆಯಿಂದ ಥೇಮ್ಸ್ ನದಿಗೆ ಲೋಹದ ಫಲಕಗಳನ್ನಿಳಿಸಿ, ಭೂಮಿಯ ಕಾಂತಕ್ಷೇತ್ರದಲ್ಲಿ ಹರಿಯುವ ನೀರಿನ ವೋಲ್ಟೇಜನ್ನು ಹಿಡಿಯಲು ಯತ್ನಿಸಿ ವಿಫಲರಾದರು. ಇಂದಿನ ವಿದ್ಯುತ್ಕಾಂತೀಯ ಮೀಟರ್ ಅದೇ ತತ್ವದಿಂದ ವೇಗವನ್ನು ಚೆನ್ನಾಗಿಯೇ ಅಳೆದು, ಅದನ್ನು ಪೈಪಿನ ಪೂರ್ಣ ಅಡ್ಡಕೊಯ್ತದಿಂದ ಗುಣಿಸುತ್ತದೆ; ಮೇಲ್ಭಾಗದಲ್ಲಿ ಗಾಳಿ ಸೇರಿಕೊಂಡರೆ ಆ ಗಾಳಿಯೂ ದ್ರವವೆಂದೇ ಲೆಕ್ಕಕ್ಕೆ ಸೇರುತ್ತದೆ. ಸಾಧ್ಯವಿದ್ದಲ್ಲಿ ದ್ರವ ಕೆಳಗಿನಿಂದ ಮೇಲಕ್ಕೇರುವ ಲಂಬ ಪೈಪಿನಲ್ಲಿ ಅದನ್ನು ಕೂರಿಸಿ.

ನೇರ ಪೈಪಿಗೆ ಜಾಗವೇ ಇಲ್ಲದಿದ್ದರೆ, ದ್ರವ್ಯರಾಶಿಯನ್ನೇ ನೇರವಾಗಿ ಅಳೆಯುವ ಕೊರಿಯೊಲಿಸ್ ಮೀಟರನ್ನು ಪರಿಗಣಿಸಬಹುದು. ಅದಕ್ಕೆ ಸಾಮಾನ್ಯವಾಗಿ ನೇರ ಪೈಪಿನ ಹಂಗಿಲ್ಲ. ಆದರೆ ಬೆಲೆ ಹೆಚ್ಚು, ದ್ರವದಲ್ಲಿನ ಗುಳ್ಳೆಗಳು ಅದನ್ನೂ ಕೆಡಿಸುತ್ತವೆ. ಯಾವುದನ್ನೇ ಕೊಳ್ಳುವ ಮೊದಲು ಪೈಪಿನ ನಕ್ಷೆಯನ್ನು, ಮೀಟರಿನ ಹಿಂದೆ ಮುಂದೆ ಇರುವ ಪ್ರತಿಯೊಂದು ವಾಲ್ವ್, ಎಲ್ಬೋ, ಪಂಪುಗಳ ದೂರವನ್ನು ಬರೆದು, ತಯಾರಕರಿಗೆ ಕಳುಹಿಸಿ ಲಿಖಿತ ಉತ್ತರ ಪಡೆಯಿರಿ.